ಜ್ವರಕ್ಕೆ ಕಾದ ಅತ್ತೆ

“ಬಂತ್ರೀ ಡಾಕ್ಟರ್ ಸಾಬ, ಜ್ವರ ಬಂತು!”

ಸಿಂಧನೂರಿನ ದವಾಖಾನೆಯ ಬಾಗಿಲಲ್ಲಿ ಸೊಸೆಯ ಕೈ ಹಿಡಿದು ನಿಂತು ಪಂಪಮ್ಮ ಹೀಗೆ ಕೂಗಿದಾಗ ಒಳಗಿದ್ದವರೆಲ್ಲ ತಿರುಗಿ ನೋಡಿದರು. ಸೊಸೆಗೆ ಜ್ವರ ಬಂದರೆ ಮೊಮ್ಮಗ ಹುಟ್ಟಿದಷ್ಟು ಹಿಗ್ಗುವ ಅತ್ತೆಯನ್ನು ಅವರು ಕಂಡಿರಲಿಲ್ಲ.

ಅವಳ ಸಂಕಟ ಅವರಿಗೇನು ಗೊತ್ತು! ಬೇಸಿಗೆ ಹತ್ತಿದಾಗಿನಿಂದ ಸೊಸೆ ಶೇಖರಮ್ಮನಿಗೆ ಬಿಟ್ಟು ಬಿಟ್ಟು ಜ್ವರ. ಬಂದಾಗ ಮೊಣಕಾಲು ಬಾತುಕೊಳ್ಳುತ್ತಿತ್ತು, ಕಾಲ ಮೇಲೆ ಕೆಂಪು ಚುಕ್ಕೆ ಏಳುತ್ತಿದ್ದವು. ಬಂಡಿ ಹೊಂದಿಸಿಕೊಂಡು ತುರ್ವಿಹಾಳದಿಂದ ದವಾಖಾನೆ ಮುಟ್ಟುವಷ್ಟರಲ್ಲಿ ಜ್ವರವೂ ಇಲ್ಲ, ಚುಕ್ಕೆಯೂ ಇಲ್ಲ. ಮಲೇರಿಯಾದ ಗುಳಿಗೆ ನಾಟಲಿಲ್ಲ. ಓಣಿಯವರು “ಕೆಲಸಗಳ್ಳಿ ಸೋಗು” ಎಂದರು.

“ನನ್ನ ಸೊಸಿ ಸುಳ್ಳಾಡಾಕಿ ಅಲ್ಲ” ಎಂದು ಅವರ ಬಾಯಿ ಮುಚ್ಚಿಸಿದ ಪಂಪಮ್ಮ, “ಜ್ವರ ಇದ್ದಾಗ ತೋರಸ್ರಿ” ಎಂದ ಡಾಕ್ಟರ್ ಇಸ್ಮಾಯಿಲ್‌ಸಾಬರ ಮಾತು ಹಿಡಿದು, ಸೊಸೆಯೊಂದಿಗೆ ಸಿಂಧನೂರಿನ ತನ್ನ ತಂಗಿಯ ಮನೆಗೇ ಬಂದು ಉಳಿದಿದ್ದಳು. ಇವತ್ತು ಶೇಖರಮ್ಮನ ಮೈ ಕಾದಿತ್ತು.

ಡಾಕ್ಟರು ಚುಕ್ಕೆಗಳ ಮೇಲೆ ಗಾಜಿನ ಪಟ್ಟಿ ಒತ್ತಿದರು. ಕೆಲವು ಮಾಸಿದವು, ಕೆಲವು ಮಾಸಲಿಲ್ಲ; ಅಲ್ಲಿ ಚರ್ಮದಡಿ ರಕ್ತ ಸೋರಿತ್ತು. ಮಾಸದ ಒಂದನ್ನು ಸೂಜಿಯಿಂದ ಚುಚ್ಚಿ, ಹನಿ ರಕ್ತಕ್ಕೆ ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ಹುಡುಕಿದರು. ಬೇಳೆಯಂತೆ ಜೋಡಿ ಜೋಡಿಯಾಗಿ ಕೂತಿದ್ದ ರೋಗಾಣುಗಳು ಕೊನೆಗೂ ಕಂಡವು.

“ಕುತ್ತಿಗಿ ಸೆಟದಿಲ್ಲ, ತಲಿನೋವಿಲ್ಲ, ಅದಕ್ಕ ನನಗ ಹೊಳೀಲಿಲ್ಲ. ಇದು ಮಿದುಳು ಜ್ವರದ ಹುಳ, ತಾಯಿ. ಇನ್ನಾ ಮಿದುಳಿಗೆ ಏರಿಲ್ಲ. ರಕ್ತದಾಗ ಅಡ್ಡ್ಯಾಡಾಕತ್ತದ.”

ಮಿದುಳು ಜ್ವರ ಹೊಕ್ಕ ಮನೆಗಳನ್ನು ಪಂಪಮ್ಮ ಕಂಡಿದ್ದಳು. ಸೊಸೆಯನ್ನು ಎದೆಗೆ ಅವಚಿಕೊಂಡಳು.

“ಯಪ್ಪಾ ಶಿವನೇ, ಇಂಥಾದು ಬರಲಿ ಅಂತ ನಾನಾ ಬೇಡಿಕೊಂಡೆನೇನ್ರೀ?”

“ನೀವು ಕಾದಿದ್ದಕ್ಕ ಕಳ್ಳ ಸಿಕ್ಕಾನವ್ವಾ. ಪೆನ್ಸಿಲಿನ್ ಅದ, ಹೆದರಬ್ಯಾಡ್ರಿ.”

ಹಗಲು ರಾತ್ರಿ ಸೂಜಿ ಚುಚ್ಚಿದರು. ಪ್ರತಿ ಸಲವೂ ಶೇಖರಮ್ಮ ಅತ್ತೆಯ ಸೆರಗು ಕಚ್ಚಿ ನೋವು ನುಂಗಿದಳು. ಜ್ವರ ಇಳಿಯಿತು, ಮೊಣಕಾಲ ಬಾವು ಇಳಿಯಿತು. ಮರಳಿ ಬರುವ ಹೊತ್ತು ದಾಟಿದರೂ ಜ್ವರ ಬರಲಿಲ್ಲ. ಡಾಕ್ಟರು ನಕ್ಕು ಊರಿಗೆ ಕಳಿಸಿದರು.

ತುರ್ವಿಹಾಳದಲ್ಲಿ ಮರುದಿನ ಬೆಳಕು ಹರಿಯುತ್ತಲೇ ಪಂಪಮ್ಮ ಮಲಗಿದ್ದ ಸೊಸೆಯ ಹಣೆಯ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಆದರೂ ಕೈ ತೆಗೆಯಲು ಮನಸ್ಸಾಗಲಿಲ್ಲ.

ಶೇಖರಮ್ಮ ಕಣ್ಣು ತೆರೆಯದೆಯೇ ಆ ಕೈಯನ್ನು ಮೆಲ್ಲಗೆ ಕೆನ್ನೆಯ ಕೆಳಗೆ ಎಳೆದುಕೊಂಡು, ಮಗ್ಗುಲು ಹೊರಳಿದಳು.