ನಲವತ್ತೆರಡರಲ್ಲಿ ಹದಿನೇಳು

ಮಗಳು ನೋಟ್‌ಬುಕ್ಕಿಗೆ ಅಂಟಿಸುವ ನಕ್ಷತ್ರದ ಚೀಟಿಗಳ ಗೋಂದಿನ ವಾಸನೆ ಬಂದಾಗಲೆಲ್ಲ ನನಗೆ ಶಾಂತಿಗ್ರಾಮದ ಶಾಲೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಮೂರನೇ ತರಗತಿ. ಲೆಕ್ಕ ಸರಿ ಮಾಡಿದವರ ಹೆಸರಿನ ಮುಂದೆ ಮೇಷ್ಟ್ರು ಗೋಡೆಯ ಪಟ್ಟಿಯಲ್ಲಿ ನಕ್ಷತ್ರ ಅಂಟಿಸುತ್ತಿದ್ದರು. ನನ್ನ ಸಾಲು ತುಂಬಿತ್ತು. ಗೆಳತಿ ಪುಟ್ಟಲಕ್ಷ್ಮಿಯದು ಖಾಲಿ. ಅವತ್ತು ಅವಳ ಅಜ್ಜಿ ಶಾಲೆಗೇ ಬಂದುಬಿಟ್ಟಳು.

"ಲೆಕ್ಕ ಇವಳ ತಲೆಗೆ ಅತ್ತಕಿಲ್ಲ ಸಾ. ನಾಳೆಯಿಂದ ದನ ನೋಡ್ಕಂಡಿರ್ಲಿ."

ಮೇಷ್ಟ್ರು ಪುಟ್ಟಲಕ್ಷ್ಮಿಯ ಸ್ಲೇಟು ನೋಡಿದರು. ನಲವತ್ತೆರಡರಲ್ಲಿ ಹದಿನೇಳು ಕಳೆದು ಅವಳು ಮೂವತ್ತೈದು ಬರೆದಿದ್ದಳು. ಎಂದಿನಂತೆ ಅಡ್ಡಗೀಟು ಎಳೆಯದೆ, "ಎಂಗ್ ಮಾಡ್ದೆ, ಯೋಳವ್ವ" ಎಂದರು.

"ದೊಡ್ಡದ್ರಲ್ಲಿ ಚಿಕ್ಕದು ಕಳೀಬೇಕು ಅಂತ ನೀವೇ ಅಂದಿದ್ರಲ್ಲ ಸಾ. ಅದ್ಕೆ ಏಳರಲ್ಲಿ ಎರಡು ಕಳ್ದೆ."

ಮೇಷ್ಟ್ರು ನನ್ನತ್ತ ತಿರುಗಿದರು. "ನಿಂದು ಸರಿ ಐತೆ. ಪಕ್ಕದ ನಾಕರಿಂದ ಒಂದು ಯಾಕೆ ತಗಂಡೆ?"

"ನೀವು ತಗೋ ಅಂದಿದ್ರಿ ಸಾ" ಎಂದೆ. ಅದಕ್ಕಿಂತ ಹೆಚ್ಚೇನೂ ನನಗೆ ಗೊತ್ತಿರಲಿಲ್ಲ.

ಅವರು ಅಜ್ಜಿಗೆ, "ತಲೆ ಓಡ್ತೈತೆ ಕಣಮ್ಮ ಇವಳ್ದು. ಎಂಗ್ ಮಾಡ್ದೆ ಅಂತ ನಾನೇ ಒಂದಿನಾನೂ ಕೇಳಿರ್ನಿಲ್ಲ" ಎಂದರು. ಆಮೇಲೆ ಪೊರಕೆಕಡ್ಡಿ ತರಿಸಿ, ಹತ್ತು ಹತ್ತರ ನಾಲ್ಕು ಕಟ್ಟು, ಜೊತೆಗೆ ಎರಡು ಬಿಡಿ ಕಡ್ಡಿ ಪುಟ್ಟಲಕ್ಷ್ಮಿಯ ಮುಂದಿಟ್ಟು, ಹದಿನೇಳು ಕೊಡು ಎಂದರು. ಅವಳು ಬಿಡಿ ಕಡ್ಡಿಗಳನ್ನು ಮುಟ್ಟಿ ನೋಡಿದಳು. ಬಳಿಕ ಯಾರೂ ಹೇಳದೆಯೇ ಒಂದು ಕಟ್ಟಿನ ದಾರ ಬಿಚ್ಚಿದಳು.

ಅಜ್ಜಿ ಒಬ್ಬಳೇ ಮನೆಗೆ ಹೋದಳು. ನಾನು ನನ್ನ ಜಾಗ ಬಿಟ್ಟು, ನೋಡಿ ಕಲಿಯಲು ಪುಟ್ಟಲಕ್ಷ್ಮಿಯ ಪಕ್ಕ ಕುಳಿತೆ.