ಅಪ್ಪನ ಪದಕ ಹಾಕಿಕೊಂಡ ದಿನ

ವಿಭೂತಿ ಹಚ್ಚಿ ಬೆಳ್ಳಿ ಸಾಮಾನು ತಿಕ್ಕುವಾಗ ಏಳುವ ವಾಸನೆಗೆ ಇಂದಿಗೂ ನನಗೆ ಕುರುಗೋಡಿನ ಆ ಆಗಸ್ಟ್ ಹದಿನೈದು ನೆನಪಾಗುತ್ತದೆ.

ಅಪ್ಪ ಯುದ್ಧದಲ್ಲಿ ತೀರಿಕೊಂಡ ಮರುವರ್ಷ ಅದು. ನನಗೆ ಎಂಟು ವರ್ಷ. ಅವ್ವ ಬೆಳಿಗ್ಗೆಯೇ ಕೂತು ಅಪ್ಪನ ಎರಡು ಪದಕಗಳನ್ನು ವಿಭೂತಿಯಿಂದ ತಿಕ್ಕಿದಳು. ಕೆಂಡ ತುಂಬಿದ ತಂಬಿಗೆಯಿಂದ ಅವುಗಳ ಬಣ್ಣದ ಪಟ್ಟಿಯ ಸುಕ್ಕು ತೀಡಿದಳು.

"ಎಡಗಡಿ ಹಾಕ್ಕೊಳ್ಳೋದು ಪಡದವರಷ್ಟ. ಮಕ್ಕಳು ಬಲಗಡಿ ಹಾಕ್ಕೋಬೇಕಂತ, ಮಿಲಿಟರಿಯವರು ಹೇಳ್ಯಾರ," ಎನ್ನುತ್ತ ನನ್ನ ಅಂಗಿಗೆ ಪಿನ್ನು ಚುಚ್ಚಿದಳು.

ಆಮೇಲೆ ತಾನೂ ಸೀರೆ ಬದಲಿಸಿ ಬಾಗಿಲಿಗೆ ಬಂದಳು. ಅಜ್ಜಿ ಅಡ್ಡ ನಿಂತಳು.

"ನೀ ಎಲ್ಲಿಗೆ? ಬರೇ ಹಣಿಯಾಕಿನ್ನ ಮುಂದ ನಿಲ್ಲಿಸಿ ಬಾವುಟ ಏರಸ್ತಾರೇನು?"

ಅವ್ವ ಹೊಸ್ತಿಲಿನಿಂದ ಹಿಂದೆ ಸರಿದಳು. ಅಜ್ಜ ನನ್ನ ಕೈ ಹಿಡಿದು ಶಾಲೆಗೆ ಕರೆದೊಯ್ದ.

ಬಾವುಟ ಏರಿದ ಮೇಲೆ, ಬಳ್ಳಾರಿಯಿಂದ ಬಂದಿದ್ದ ವಯಸ್ಸಾದ ಮಾಜಿ ಸೈನಿಕರೊಬ್ಬರು ನನ್ನೆದುರು ನಿಂತು ಪದಕಗಳಿಗೆ ಸೆಲ್ಯೂಟ್ ಹೊಡೆದರು. ಅವರ ಕೈಯಲ್ಲೊಂದು ಶಾಲು ಇತ್ತು.

"ನಿಮ್ಮವ್ವ ಎಲ್ಲಿ ಅದಾರವಾ? ಕರಿ, ಅವರಿಗೆ ಇದನ್ನ ಹೊದಸೋಣು."

ಅವ್ವ ಗೇಟಿನ ಹೊರಗೆ ಬೇವಿನ ಮರದ ಕೆಳಗೆ, ತಲೆತುಂಬ ಸೆರಗು ಹೊದ್ದು ನಿಂತದ್ದು ನನಗೆ ಕಾಣುತ್ತಿತ್ತು. ಯಾವಾಗ ಬಂದಳೋ ಗೊತ್ತಿಲ್ಲ. ಅಜ್ಜನೂ ನೋಡಿದ್ದ. ನನ್ನ ಭುಜದ ಮೇಲಿದ್ದ ಅವನ ಕೈ ಬಿಗಿಯಾಯಿತು.

"ಮನ್ಯಾಗ ಅದಾಳ್ರಿ," ಎಂದೆ.

ಅವರು ಶಾಲನ್ನು ನನಗೇ ಹೊದಿಸಿದರು. ಅದು ನೆಲಕ್ಕೆ ತಾಗುವಷ್ಟು ಉದ್ದವಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗೇಟಿನಾಚೆ ಅವ್ವನೂ ತಟ್ಟುತ್ತಿದ್ದಳು.