ನೇತಾಡುವ ನೆತ್ತಿ

ಹೊಸ ಮನೆಯ ಹೊಸ್ತಿಲು ದಾಟಲು ಎತ್ತಿದ್ದ ಬಲಗಾಲನ್ನು ಕುಲ್ಪಾಶ್ ಅಜ್ಜಿ ಹಿಂದಕ್ಕೆಳೆದುಕೊಂಡಳು. ಶುಭವಾಗಲೆಂದು ಒಳಗೆ ತೂರಲು ಮುಷ್ಟಿಯಲ್ಲಿ ಹಿಡಿದಿದ್ದ ಮಿಠಾಯಿಗಳನ್ನು ಮತ್ತೆ ಕೋಟಿನ ಜೇಬಿಗೆ ಸುರಿದುಕೊಂಡು, ಈ ಮನೆ ನಮಗೆ ಬೇಡ, ನಡಿ ಎಂದು ಮಗ ಎಸೆನ್‌ಗೆ ಹೇಳಿದಳು. ಮನೆ ಕಟ್ಟಿ ಮಾರುವ ಬೆರ್ದಿಬೆಕ್ ಬೀಗದ ಕೈ ಹಿಡಿದು ಒಳಗೆ ಪೆಚ್ಚಾಗಿ ನಿಂತ. ಪಕ್ಕದಲ್ಲಿದ್ದ ಅವನ ಹೆಂಡತಿ ಜಾನಿಲ್ ನಿಟ್ಟುಸಿರುಬಿಟ್ಟಳು. ಹೀಗೇ ಆಗುತ್ತದೆಂದು ಬೇಸಿಗೆಯಿಡೀ ಬಡಕೊಂಡಿದ್ದಳು, ಕೇಳುವ ಕಿವಿ ಇರಬೇಕಲ್ಲ.

ಬೆರ್ದಿಬೆಕನಿಗೆ ಗುರುತಿನ ಹುಚ್ಚು. ತಲ್ಗಾರ್ ಪಟ್ಟಣದ ಸುತ್ತ ಯಾರು ಬೇಕಾದರೂ ಮನೆ ಕಟ್ಟಲಿ, ನನ್ನದನ್ನು ಮಾತ್ರ ಬೀದಿಯಲ್ಲಿ ಹೋಗುವವರು ನೋಡಿದ ಕೂಡಲೇ ಗುರುತಿಸಬೇಕು ಎನ್ನುವುದು ಅವನ ಹಟ. ಮೊದಲು ಬಾಗಿಲ ಹಿಡಿಕೆಗಳನ್ನೆಲ್ಲ ಟಗರಿನ ಕೊಂಬಿನ ಆಕಾರದಲ್ಲಿ ಮಾಡಿಸಿದ. ಹೋಗಿಬರುವವರ ಅಂಗಿಯ ತೋಳು ಸಿಕ್ಕಿ ಹರಿಯಿತು; ಜಾನಿಲ್‌ಳ ಹೊಸ ಕೋಟೂ ಹರಿಯಿತು. ಆಮೇಲೆ ಕಿಟಕಿಗಳನ್ನು ದುಂಡಗೆ ಮಾಡಿಸಿದ, ಅವಕ್ಕೆ ಪರದೆ ಹೊಲಿಯುವವರೇ ಸಿಗಲಿಲ್ಲ. ಕೊನೆಗೆ ಬಂದದ್ದು ಅಜ್ಜಿಯನ್ನು ಹೊಸ್ತಿಲಲ್ಲೇ ತಡೆದ ಈ ದೀಪ. ಹಿಂದಿನವರ ಗುಡಾರದ ನೆತ್ತಿಯಲ್ಲಿರುತ್ತಿದ್ದ ಮರದ ಚಕ್ರ, ಶಂಗಿರಾಕ್, ಅದನ್ನೇ ದೊಡ್ಡದಾಗಿ ಕೊರೆಸಿ, ಸುತ್ತ ಬಲ್ಬು ಕೂರಿಸಿ, ಸರಪಳಿ ಕಟ್ಟಿ ನಡುಮನೆಯ ಮಧ್ಯಕ್ಕೆ ಇಳಿಬಿಟ್ಟಿದ್ದ. ಅವನೇ ಕಟ್ಟಿದ ಈ ಬೀದಿಯ ಎಲ್ಲ ಮನೆಗಳಲ್ಲೂ ಅದು ಹೀಗೆ ಆಳೆತ್ತರದಲ್ಲಿ ತೂಗಾಡುತ್ತಿತ್ತು.

"ಅಪಾ, ಚಳೀಲಿ ಯಾಕೆ ನಿಂತ್ಕೊಂಡಿದ್ದೀರಿ? ಒಳಗೆ ಬನ್ನಿ," ಎಂದು ಬೆರ್ದಿಬೆಕ್ ಅಜ್ಜಿಯನ್ನು ಕರೆದ.

"ಅದನ್ನ ಅಲ್ಲಿಗೆ ಇಳಿಸಿದೋರು ಯಾರು?"

"ನಾನೇ ಅಪಾ. ನಮ್ಮ ಹಿರಿಯರ ನೆನಪಿಗೆ."

"ಹಿರಿಯರು ಅದನ್ನ ನೆತ್ತಿ ಮೇಲೆ ಇಟ್ಕೊಂಡಿದ್ರು ಮಗಾ. ಇನ್ನೊಬ್ಬರ ಮನೆ ಹಾಳಾಗ್ಲಿ ಅಂತ ಶಾಪ ಹಾಕೋವಾಗ ಏನಂತೀವಿ? ನಿನ್ನ ಬಾಯಿಂದಾನೇ ಹೇಳು."

ನಿನ್ನ ಶಂಗಿರಾಕ್ ನಡುಮನೆಗೆ ಬೀಳಲಿ ಎನ್ನುವುದಕ್ಕಿಂತ ಕೆಟ್ಟ ಮಾತು ಆ ಸೀಮೆಯಲ್ಲಿಲ್ಲ. ಅಪ್ಪನಿಂದ ಕಿರಿಮಗನಿಗೆ ಬರುವ ಚಕ್ರ ಅದು. ಅದು ಬಿತ್ತೆಂದರೆ ಮನೆತನವೇ ಮುಗಿಯಿತೆಂದು ಅರ್ಥ. ಮಕ್ಕಳು ತಮಾಷೆಗೆ ಅಂದರೂ ಬಾಯಿಗೆ ಏಟು ಬೀಳುತ್ತದೆ. ಆ ಮಾತನ್ನು ಈ ಮಹಾಶಯ ಒಳ್ಳೆಯ ಮರದಲ್ಲಿ ಕೆತ್ತಿಸಿ, ಬಣ್ಣ ಬಳಿಸಿ, ದೀಪ ಹಚ್ಚಿ ಮನೆಮನೆಗೆ ಹಂಚಿದ್ದ.

ಎಸೆನ್‌ನ ಪಾಡು ಯಾರಿಗೂ ಬೇಡ. ಹಳೆಯ ಫ್ಲ್ಯಾಟ್ ಬಿಟ್ಟುಕೊಟ್ಟು ಸಾಮಾನನ್ನೆಲ್ಲ ಲಾರಿಗೆ ಹೇರಿಕೊಂಡು ಬಂದಿದ್ದ. ದಿನ ತುಂಬಿದ ಹೆಂಡತಿ ಲಾರಿಯ ಮುಂದಿನ ಸೀಟಿನಲ್ಲಿ ಕೂತಿದ್ದಳು. ಹಿರಿಯಳಾದ ಅಮ್ಮ ಮೊದಲು ಕಾಲಿಡದ ಮನೆಗೆ ಅವಳನ್ನು ಹೇಗೆ ಇಳಿಸುವುದು? ಅದನ್ನು ಮೇಲಕ್ಕೆತ್ತಿ ಛಾವಣಿಗೆ ಸೇರಿಸಿಬಿಡಿ ಅಗಾ, ಅಷ್ಟು ಮಾಡಿ ಸಾಕು ಎಂದು ಅಣ್ಣನನ್ನು ಬೇಡುವಂತೆ ಗೋಗರೆದ. ಬೆರ್ದಿಬೆಕ್ ಜಗ್ಗಲಿಲ್ಲ. ಮೇಲೆ ಹೋದರೆ ಕಿಟಕಿಯಿಂದ ಕಾಣಿಸುವುದಿಲ್ಲ, ಕಾಣಿಸದ ಮೇಲೆ ಅದೆಂಥ ಗುರುತು, ಇಷ್ಟಕ್ಕೂ ಅದೊಂದು ದೀಪ ಅಷ್ಟೇ, ಈ ಕಾಲದಲ್ಲಿ ಇಂಥ ಮೂಢನಂಬಿಕೆಯೇ ಎಂದು ಒಂದೇ ಉಸಿರಿನಲ್ಲಿ ಬುದ್ಧಿ ಹೇಳಿದ. ಬೇಕಾದರೆ ನೋಡಿ ಎಂದು ಸ್ವಿಚ್ಚನ್ನೂ ಒತ್ತಿದ.

"ಬಲ್ಬ್ ಹತ್ತಿದ್ರೆ ಶಾಪ ತೊಲಗುತ್ತೇನ್ರಿ?" ಎಂದು ಜಾನಿಲ್ ಹಲ್ಲು ಕಡಿದಳು.

ಬೆಳಕು ಬಿದ್ದದ್ದೇ ತಡ, ಅಜ್ಜಿ ಬಾಗಿಲಿನಿಂದಲೇ ಕತ್ತು ಚಾಚಿ ಕಣ್ಣು ಕಿರಿದು ಮಾಡಿ ನೋಡಿದಳು. ಚಕ್ರದ ಅಂಚಿನಲ್ಲಿ ಏನೋ ಬರೆದಿದೆಯಲ್ಲ, ಏನದು ಎಂದು ಕೇಳಿದಳು. ಬೆರ್ದಿಬೆಕನ ಮುಖ ಅರಳಿತು. ಅದು ತನ್ನ ಹೆಸರು, ಮರವನ್ನು ಸುಟ್ಟು ಬರೆಸಿದ್ದು, ಎಷ್ಟು ಉಜ್ಜಿದರೂ ಹೋಗುವುದಿಲ್ಲ ಎಂದ.

"ನಿನ್ನ ಹೆಸರೇ? ಎಸೆನ್ ಹೆಸರು ಎಲ್ಲೂ ಇಲ್ವಾ?"

"ಇಲ್ಲ ಅಪಾ. ಎಲ್ಲಾ ಮನೇಲೂ ನಂದೊಂದೇ."

ಅಜ್ಜಿಯ ಹಣೆಯ ಗಂಟು ಸಡಿಲಿತು. ಬಲಗಾಲಿಟ್ಟು ಒಳಗೆ ಬಂದವಳೇ ಜೇಬಿನ ಮಿಠಾಯಿಗಳನ್ನು ಕೈತುಂಬ ತೆಗೆದು ನಡುಮನೆಯ ತುಂಬ ತೂರಿದಳು. ಸೊಸೆಯನ್ನು ಇಳಿಸಿಕೊಂಡು ಬಾ ಎಂದು ಮಗನನ್ನು ಅಟ್ಟಿ, ಬಾಗಿಲಿಗೆ ಎದುರಾಗಿ ಹಿರಿಯರು ಕೂರುವ ಜಾಗದಲ್ಲಿ ಆರಾಮವಾಗಿ ಕೂತಳು.

"ಹಂಗಾದ್ರೆ ಬಿದ್ದಿರೋದು ನಿನ್ನ ಶಂಗಿರಾಕು ಮಗಾ," ಎಂದಳು. "ನಮ್ದೇ ಅಂದ್ಕೊಂಡು ಎದೆ ಒಡ್ಕೊಂಡಿದ್ದೆ ನೋಡು."

ಬೆರ್ದಿಬೆಕ್ ನಕ್ಕ. ನಗು ಅರ್ಧಕ್ಕೇ ನಿಂತಿತು. ತಲೆಯೆತ್ತಿ ದೀಪ ನೋಡಿದ. ದುಂಡು ಕಿಟಕಿಯ ಹೊರಗೆ ನೋಡಿದ. ಎದುರು ಸಾಲಿನ ಮನೆಗಳಲ್ಲಿ ಒಂದೊಂದು ಕಿಟಕಿಯ ಹಿಂದೆಯೂ ಅವನ ಹೆಸರು ಹೊತ್ತ ಚಕ್ರ ನೆತ್ತಿಯಿಂದ ಕೆಳಗಿಳಿದು ತೂಗುತ್ತಿತ್ತು. ಅವನಿಗಿದ್ದವನು ಒಬ್ಬನೇ ಮಗ. ಏಣಿ ಎಲ್ಲಿದೆ ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದ.

"ಗಾಡೀಲಿದೆ," ಎಂದಳು ಜಾನಿಲ್. "ಯಾವ ಮನೆಯಿಂದ ಶುರು ಮಾಡ್ತೀರಿ?"